ಸರ್ಕಾರಿ ಮದ್ಯದಂಗಡಿಯಲ್ಲಿ ಒಳ್ಳೆಯ ವೈನ್ ಅಗ್ಗ: ಲೆಕ್ಕ ಎಲ್ಲಿ ಅಡಗಿದೆ?

ಪೈಪೋಟಿ ಇಲ್ಲದ ಅಂಗಡಿ ಅಂದ ಮೇಲೆ ಬೆಲೆ ಜಾಸ್ತಿ ಇರಲೇಬೇಕು. ಏಕಸ್ವಾಮ್ಯದ ಪಾಠದಲ್ಲಿ ನಾವೆಲ್ಲ ಓದಿದ್ದು ಇದನ್ನೇ. ಆದರೆ ಮದ್ಯವನ್ನು ಸರ್ಕಾರವೇ ಮಾರುವ ಕೆಲವು ಕಡೆ ಈ ಪಾಠ ಅರ್ಧ ಮಾತ್ರ ನಿಜ. ಸ್ವೀಡನ್, ನಾರ್ವೆಗಳಲ್ಲಿ ದಿನಬಳಕೆಯ ವೈನ್ ಕೊಳ್ಳಲು ಹೋದರೆ ಜೇಬಿಗೆ ಕತ್ತರಿ. ಅದೇ ಅಂಗಡಿಯಲ್ಲಿ ಫ್ರಾನ್ಸಿನ ಹೆಸರುವಾಸಿ ವೈನ್ ಬರ್ಗಂಡಿಯ ಬಾಟಲಿಯೊಂದು ಯುರೋಪಿನ ಬೇರೆ ನಗರಗಳ ಖಾಸಗಿ ಅಂಗಡಿಗಿಂತ ಕಡಿಮೆಗೆ ಸಿಗುವುದುಂಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲೂ ಹೀಗೇ, ಸರ್ಕಾರಿ ಅಂಗಡಿಯ ಒಂದು ಶೆಲ್ಫ್‌ಗಾಗಿಯೇ ವೈನ್ ಪ್ರಿಯರು ಕಾಯುತ್ತಿದ್ದ ಕಾಲವಿತ್ತು.

ಸಾರ್ವಜನಿಕ ಹಣಕಾಸು ಪತ್ರಿಕೆಗೆ ಓದುತ್ತಿರುವವರು ಈ ಎರಡೂ ಉದಾಹರಣೆಯನ್ನು ಒಂದೇ ಉತ್ತರದಲ್ಲಿ ತುರುಕುವುದನ್ನು ನೋಡಿದ್ದೇನೆ. ಬೇಡ. ಎರಡೂ ಕಡೆ ಅಗ್ಗ ಇದೆ, ಆದರೆ ಅಗ್ಗದ ಕಾರಣ ಬೇರೆ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಅದು ಕೊಳ್ಳುವ ಜಾಣತನದಿಂದ ಬಂದದ್ದು. ಸ್ವೀಡನ್, ನಾರ್ವೆಯಲ್ಲಿ ಬೆಲೆ ಕಟ್ಟುವ ಸೂತ್ರದಿಂದ ಬಂದದ್ದು. ಒಂದೊಂದಾಗಿ ನೋಡೋಣ.

ಪೆನ್ಸಿಲ್ವೇನಿಯಾ: ಒಬ್ಬನೇ ಗಿರಾಕಿ

ಅಮೆರಿಕದಲ್ಲಿ ಪಾನನಿಷೇಧ ಕೊನೆಯಾದದ್ದು 1933ರ ಡಿಸೆಂಬರ್‌ನಲ್ಲಿ. ಮದ್ಯವನ್ನು ಹೇಗೆ ಮಾರಬೇಕು ಎಂಬುದನ್ನು ಆಯಾ ರಾಜ್ಯಗಳಿಗೇ ಬಿಡಲಾಯಿತು. ಹೆಚ್ಚಿನ ರಾಜ್ಯಗಳು ಖಾಸಗಿಯವರಿಗೆ ಲೈಸೆನ್ಸ್ ಕೊಟ್ಟವು. ಇಂದಿಗೂ 17 ರಾಜ್ಯಗಳಲ್ಲಿ ಮಾತ್ರ ಸರ್ಕಾರವೇ ಒಂದಲ್ಲ ಒಂದು ಹಂತದಲ್ಲಿ ವ್ಯಾಪಾರಿ. ಪೆನ್ಸಿಲ್ವೇನಿಯಾ ಅವುಗಳಲ್ಲಿ ಒಂದು. ಆಗಿನ ಗವರ್ನರ್ ಗಿಫರ್ಡ್ ಪಿಂಚೊ ಕಟ್ಟಾ ಪಾನವಿರೋಧಿ. ಜನಕ್ಕೆ ಮದ್ಯ ಕೊಳ್ಳುವುದು ಆದಷ್ಟು ತ್ರಾಸದಾಯಕವಾಗಲಿ, ದುಬಾರಿಯಾಗಲಿ ಎಂಬುದೇ ಅವರ ಆಸೆ. ಅದಕ್ಕಾಗಿಯೇ ಹುಟ್ಟಿದ್ದು ರಾಜ್ಯದ ಮದ್ಯ ನಿಯಂತ್ರಣ ಮಂಡಳಿ, ಪಿಎಲ್‌ಸಿಬಿ. ಇಂಥ ಮಂಡಳಿಯೇ ಮುಂದೆ ರಿಯಾಯಿತಿ ದರದ ವೈನ್‌ಗೆ ಹೆಸರಾಯಿತು ಅನ್ನುವುದು ಒಳ್ಳೆ ತಮಾಷೆ.

ಇಲ್ಲಿ ತೆರಿಗೆಯೇನೂ ಕಡಿಮೆ ಇಲ್ಲ. 1936ರಲ್ಲಿ ಜಾನ್ಸ್‌ಟೌನ್ ಊರಿಗೆ ಪ್ರವಾಹ ನುಗ್ಗಿತು. ಪರಿಹಾರಕ್ಕೆಂದು ಮದ್ಯದ ಮೇಲೆ ಶೇ 10ರ ತಾತ್ಕಾಲಿಕ ತೆರಿಗೆ ಹಾಕಿದರು. ಊರು ಮತ್ತೆ ಎದ್ದು ನಿಂತಿತು, ತೆರಿಗೆ ಹೋಗಲಿಲ್ಲ. 1963ರಲ್ಲಿ ಶೇ 15, 1968ರಲ್ಲಿ ಶೇ 18. ಇಂದಿಗೂ ಅದೇ ಶೇ 18. ತಾತ್ಕಾಲಿಕ ತೆರಿಗೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮ್ಮ ಉತ್ತರಪತ್ರಿಕೆಗೆ ಸಿಗಲಾರದು.

ಇನ್ನು ಮಾರ್ಕಪ್, ಅಂದರೆ ಕೊಂಡ ಬೆಲೆಯ ಮೇಲೆ ಮಾರುವವನು ಸೇರಿಸುವ ಮೊತ್ತ. ದಶಕಗಳ ಕಾಲ ಮಂಡಳಿ ಕೊಂಡ ಬೆಲೆಯ ಮೇಲೆ ಶೇ 30 ಸೇರಿಸುತ್ತಿತ್ತು. ಬಾಟಲಿಗೆ ಇಷ್ಟು ಎಂದು ಒಂದು ನಿರ್ವಹಣಾ ಶುಲ್ಕ. ಇವೆಲ್ಲ ಸೇರಿದ ಮೇಲೆ ಆ ಪ್ರವಾಹದ ತೆರಿಗೆ. ಕೊನೆಯಲ್ಲಿ ಮಾರಾಟ ತೆರಿಗೆ. 10 ಡಾಲರಿಗೆ ಕೊಂಡ ಬಾಟಲಿಯನ್ನು ತೆಗೆದುಕೊಳ್ಳಿ. ಶೇ 30 ಸೇರಿದರೆ 13. ಅದಕ್ಕೆ ಶೇ 18 ಸೇರಿದರೆ 15.34. ಶುಲ್ಕ ಮತ್ತು ಮಾರಾಟ ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಇದೇ ಬಾಟಲಿ ಖಾಸಗಿಯವರು ಮಾರುವ ರಾಜ್ಯದಲ್ಲಿ ಹೇಗೆ ಸಾಗುತ್ತದೆ? ಅಲ್ಲಿ ಮೂರು ಹಂತ: ತಯಾರಕ ಅಥವಾ ಆಮದುದಾರ, ಡಿಸ್ಟ್ರಿಬ್ಯೂಟರ್, ಚಿಲ್ಲರೆ ಅಂಗಡಿ. ಡಿಸ್ಟ್ರಿಬ್ಯೂಟರ್ ಮೂರನೇ ಒಂದು ಭಾಗ ಸೇರಿಸಿದ ಅಂತ ಇಟ್ಟುಕೊಳ್ಳಿ, 13.33. ಅಂಗಡಿಯವನು ಅದರ ಮೇಲೆ ಶೇ 50 ಇಟ್ಟ, 20. ಒಬ್ಬರ ಲಾಭದ ಮೇಲೆ ಇನ್ನೊಬ್ಬರ ಲಾಭ ಕೂರುವುದು ಅಂದರೆ ಇದೇ. ಪಿಎಲ್‌ಸಿಬಿ ಸಗಟು ವ್ಯಾಪಾರಿಯೂ ಹೌದು, ಚಿಲ್ಲರೆ ವ್ಯಾಪಾರಿಯೂ ಹೌದು. ಹಾಗಾಗಿ ಮಾರ್ಕಪ್ ಬೀಳುವುದು ಒಂದೇ ಸಲ. ಶೇ 18ರ ತೆರಿಗೆ ಇದ್ದರೂ ಬೆಲೆ ಹಿಡಿತದಲ್ಲಿರುವುದಕ್ಕೆ ಇದು ಮೊದಲ ಕಾರಣ.

ಆದರೆ ಇಷ್ಟರಿಂದಲೇ ಯಾರೂ ಅಂಗಡಿಗೆ ಓಡಿ ಬರುವುದಿಲ್ಲ. ಅವರನ್ನು ಓಡಿಸಿ ತಂದದ್ದು ‘ಚೇರ್ಮನ್ಸ್ ಸೆಲೆಕ್ಷನ್’ ಎಂಬ ಯೋಜನೆ. 2000ರ ದಶಕದ ಮೊದಲ ಭಾಗದಲ್ಲಿ ಮಂಡಳಿಯ ಅಧ್ಯಕ್ಷರಾಗಿದ್ದ ಜೊನಾಥನ್ ನ್ಯೂಮನ್ ಶುರುಮಾಡಿದ್ದು. ನ್ಯೂಮನ್ ಸ್ವತಃ ವೈನ್ ಹುಚ್ಚಿನವರು. ಇಡೀ ರಾಜ್ಯಕ್ಕೆ ವೈನ್ ಕೊಳ್ಳುವುದು ತಾವೊಬ್ಬರೇ, ಅಮೆರಿಕದಲ್ಲೇ ಅತಿ ದೊಡ್ಡ ಗಿರಾಕಿಗಳಲ್ಲಿ ತಮ್ಮ ಮಂಡಳಿಯೂ ಒಂದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಬಲವನ್ನು ಚೌಕಾಸಿಗೆ ಬಳಸಿದರು.

ವೈನರಿಯ ಕಡೆಯಿಂದ ಯೋಚಿಸಿ. ಹೊಸ ಸಾಲಿನ ವೈನ್ ಬಾಟಲಿಗೆ ಇಳಿಯುವ ಹೊತ್ತು, ಗೋದಾಮಿನಲ್ಲಿ ಹಳೆಯದು ಇನ್ನೂ ಉಳಿದಿದೆ. ಎಲ್ಲ ಕಡೆ ಬೆಲೆ ಇಳಿಸಿದರೆ ಬ್ರ್ಯಾಂಡ್‌ನ ಮರ್ಯಾದೆ ಹೋಗುತ್ತದೆ. ಮುಂದಿನ ವರ್ಷ ಹಳೆಯ ಬೆಲೆ ಹೇಳಿದರೆ ಗಿರಾಕಿ ನಗುತ್ತಾನೆ. ಆಗ ಒಂದು ರಾಜ್ಯ ಬಂದು ‘ಅಷ್ಟನ್ನೂ ಕೊಡಿ, ನಾವು ನಮ್ಮ ಗಡಿಯೊಳಗೇ ಮಾರುತ್ತೇವೆ’ ಅಂದರೆ? ಸರಕು ಒಂದೇ ಏಟಿಗೆ ಖಾಲಿ, ಹಣ ಖಚಿತ, ಬೇರೆ ರಾಜ್ಯಗಳ ಬೆಲೆಗೆ ಧಕ್ಕೆಯಿಲ್ಲ. 10 ಡಾಲರಿನದನ್ನು 6ಕ್ಕೆ ಬಿಟ್ಟುಕೊಡಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಈಗ ಸೂತ್ರ ಹಾಕಿ. 6ಕ್ಕೆ ಶೇ 30 ಸೇರಿದರೆ 7.80. ಅದಕ್ಕೆ ಶೇ 18 ಸೇರಿದರೆ 9.20. ವೈನರಿ ಬಿಟ್ಟದ್ದು 4 ಡಾಲರ್, ಶೆಲ್ಫ್ ಮೇಲೆ ಇಳಿದದ್ದು 6 ಡಾಲರಿಗೂ ಸ್ವಲ್ಪ ಹೆಚ್ಚು. ಮಾರ್ಕಪ್ ಮತ್ತು ತೆರಿಗೆ ಎರಡೂ ಶೇಕಡಾವಾರು ಆದ್ದರಿಂದ ಏರುವಾಗ ಬೆಲೆಯನ್ನು ಹೇಗೆ ಉಬ್ಬಿಸುತ್ತವೋ ಇಳಿಯುವಾಗ ಹಾಗೇ ಕುಗ್ಗಿಸುತ್ತವೆ. ಖಾಸಗಿ ವ್ಯಾಪಾರಿಯಾಗಿದ್ದರೆ 6ಕ್ಕೆ ಕೊಂಡು 15ಕ್ಕೇ ಮಾರಿ ನಡುವಿನದನ್ನು ಜೇಬಿಗಿಳಿಸಬಹುದಿತ್ತು. ಮಂಡಳಿಗೆ ಹಾಗೆ ಮಾಡಲು ಕಾನೂನು ಬಿಡುತ್ತಿರಲಿಲ್ಲ. ಎಲ್ಲ ಬಾಟಲಿಗೂ ಒಂದೇ ಅನುಪಾತದ ಬೆಲೆ ಎಂಬ ನಿಯಮವಿತ್ತು. ಕೊಳ್ಳುವಾಗ ಪೂರ್ತಿ ಬಲ, ಮಾರುವಾಗ ಕಟ್ಟಿಹಾಕಿದ ಕೈ. ಅಗ್ಗ ಹುಟ್ಟುವುದು ಈ ಎರಡೂ ಒಟ್ಟಿಗೆ ಇದ್ದಾಗ. ಮೊನಾಪ್ಸನಿ, ಅಂದರೆ ಕೊಳ್ಳುವವನು ಒಬ್ಬನೇ ಇರುವ ಮಾರುಕಟ್ಟೆ, ಎಂದಷ್ಟೇ ಬರೆದು ಬಿಟ್ಟರೆ ಅರ್ಧ ಅಂಕ. ಆ ಲಾಭ ಗ್ರಾಹಕನವರೆಗೆ ಯಾಕೆ ಹರಿಯಿತು ಎಂಬುದನ್ನೂ ಬರೆಯಬೇಕು.

2006ರ ಕೊನೆಯಲ್ಲಿ ಗವರ್ನರ್ ಎಡ್ ರೆಂಡೆಲ್ ಕಾಲದಲ್ಲಿ ಮಂಡಳಿಗೆ ಹೊಸದಾಗಿ ಸಿಇಒ ಹುದ್ದೆ ಸೃಷ್ಟಿಯಾಯಿತು. ಅದರ ಬೆನ್ನಿಗೇ, 2007ರ ಜನವರಿಯಲ್ಲಿ ನ್ಯೂಮನ್ ರಾಜೀನಾಮೆ ಕೊಟ್ಟರು. ಯೋಜನೆ ಮುಂದುವರಿಯಿತು. ನಿಯಮ ಸಡಿಲವಾದದ್ದು 2016ರ ‘ಆ್ಯಕ್ಟ್ 39’ ಬಂದಾಗ. ಕಿರಾಣಿ ಅಂಗಡಿಗಳಿಗೂ ವೈನ್ ಮಾರಲು ಅವಕಾಶ ಸಿಕ್ಕಿತು. ಜೊತೆಗೆ, ಹೆಚ್ಚು ಮಾರಾಟವಾಗುವ ಬಾಟಲಿಗಳಿಗೆ ಮಂಡಳಿ ತನಗೆ ತೋಚಿದ ಬೆಲೆ ಇಡಬಹುದಾಯಿತು. ಮಂಡಳಿ ಈಗ ಸ್ವಲ್ಪ ಸ್ವಲ್ಪವೇ ಪಠ್ಯಪುಸ್ತಕದ ಏಕಸ್ವಾಮ್ಯದ ಕಡೆ ವಾಲುತ್ತಿದೆ ಅಂತ ನನ್ನ ಓದು.

ಒಂದು ಎಚ್ಚರಿಕೆ. ರಿಯಾಯಿತಿ ಇದ್ದದ್ದು ಆಯ್ದ ವೈನ್‌ಗಳಿಗೆ ಮಾತ್ರ. ಉಳಿದ ಸರಕಿಗಾಗಿ ಜನ ಪಕ್ಕದ ಡೆಲವೇರ್, ನ್ಯೂಜೆರ್ಸಿಗೆ ಕಾರು ಓಡಿಸುವುದು ಆಗಲೂ ಇತ್ತು, ಈಗಲೂ ಇದೆ. ‘ಪೆನ್ಸಿಲ್ವೇನಿಯಾದಲ್ಲಿ ಮದ್ಯ ಅಗ್ಗ’ ಎಂದು ಬರೆಯಬೇಡಿ.

ಸ್ವೀಡನ್: ಲೀಟರಿಗೆ ಸುಂಕ, ಬೆಲೆಗಲ್ಲ

ಸ್ವೀಡನ್ನಿನ ಸರ್ಕಾರಿ ಮದ್ಯದಂಗಡಿ ಸಿಸ್ಟೆಮ್‌ಬೊಲಾಗೆಟ್. ಈ ರೂಪದಲ್ಲಿ ಅದು 1955ರಿಂದ ಇದೆ. ಅದಕ್ಕೂ ಮುಂಚೆ ಅಲ್ಲಿ ಮದ್ಯಕ್ಕೆ ರೇಷನ್ ಪುಸ್ತಕವೇ ಇತ್ತು! ಭಾನುವಾರ ಬಂದ್, ಶನಿವಾರ ಮಧ್ಯಾಹ್ನಕ್ಕೇ ಬಾಗಿಲು, 20 ವರ್ಷ ತುಂಬದವರಿಗೆ ಇಲ್ಲ. ಎರಡು ಕೊಂಡರೆ ಒಂದು ಉಚಿತ ಎಂಬಂಥ ಆಫರ್ ಇಲ್ಲವೇ ಇಲ್ಲ. ಉದ್ದೇಶ ಕುಡಿತ ತಗ್ಗಿಸುವುದು, ಲಾಭ ಹೆಚ್ಚಿಸುವುದಲ್ಲ.

ಹಾಗಿದ್ದ ಮೇಲೆ ಸುಂಕ ಹಾಕುವುದೂ ಆರೋಗ್ಯದ ಲೆಕ್ಕದಲ್ಲೇ. ದೇಹಕ್ಕೆ ಹಾನಿ ಮಾಡುವುದು ಆಲ್ಕೋಹಾಲ್, ಬಾಟಲಿಯ ಬೆಲೆಯಲ್ಲ. ಅದಕ್ಕೆ ವೈನ್ ಮೇಲಿನ ಅಬಕಾರಿ ಸುಂಕ ಲೀಟರಿಗೆ ಇಷ್ಟು ಕ್ರೋನ (ಅಲ್ಲಿನ ಹಣ) ಎಂದು ನಿಗದಿ. ಮಾಮೂಲಿ 750 ಮಿಲಿ ಬಾಟಲಿಗೆ ಅದು 20 ಕ್ರೋನದ ಆಸುಪಾಸು ಬೀಳುತ್ತದೆ. 30 ಕ್ರೋನದ ವೈನ್‌ಗೂ 20, 400 ಕ್ರೋನದ್ದಕ್ಕೂ 20. ಅದರ ಮೇಲೆ ಅಂಗಡಿಯ ಮಾರ್ಕಪ್: ಒಂದು ಸಣ್ಣ ಶೇಕಡಾ ಪಾಲು, ಜೊತೆಗೆ ಬಾಟಲಿಗೆ ಕೆಲವು ಕ್ರೋನ. ಕೊನೆಯಲ್ಲಿ ಶೇ 25 ವ್ಯಾಟ್.

ಮಾರ್ಕಪ್ ಆಗಾಗ ಬದಲಾಗುವುದರಿಂದ ಅಭ್ಯಾಸಕ್ಕೆ ದುಂಡು ಸಂಖ್ಯೆ ಇಟ್ಟುಕೊಳ್ಳೋಣ: ಶೇ 15 ಮತ್ತು 5 ಕ್ರೋನ. 30 ಕ್ರೋನದ ವೈನ್‌ಗೆ ಸುಂಕ ಸೇರಿ 50. ಮಾರ್ಕಪ್ 12.50. ಒಟ್ಟು 62.50. ವ್ಯಾಟ್ ಸೇರಿ ಸುಮಾರು 78. ಗ್ರಾಹಕ ಕೊಟ್ಟ 78ರಲ್ಲಿ ವೈನ್‌ಗೆ ಹೋದದ್ದು 30 ಮಾತ್ರ. ಈಗ 400ರ ಬಾಟಲಿ. ಸುಂಕ ಸೇರಿ 420. ಮಾರ್ಕಪ್ 68. ಒಟ್ಟು 488. ವ್ಯಾಟ್ ಸೇರಿ 610. ಇಲ್ಲಿ ವೈನ್‌ಗೆ ಹೋದದ್ದು 400. ಮೊದಲನೆಯದು ಎರಡೂವರೆ ಪಟ್ಟಿಗೂ ಮೇಲೇರಿತು, ಎರಡನೆಯದು ಒಂದೂವರೆ ಪಟ್ಟು.

ಇಷ್ಟೇ ಗುಟ್ಟು. ಬಡವನ ಬಾಟಲಿಯ ಮೇಲೆ ಕೂತ ಹೊರೆ ಸಿರಿವಂತನ ಬಾಟಲಿಯ ಮೇಲೆ ಲೆಕ್ಕಕ್ಕೇ ಇಲ್ಲ. ದುಬಾರಿ ವೈನ್ ಅಗ್ಗ ಮಾಡಬೇಕೆಂದು ಯಾರೂ ಕೂತು ಯೋಚಿಸಿದ್ದಲ್ಲ. ಅಗ್ಗದ ಕುಡಿತವನ್ನು ದುಬಾರಿ ಮಾಡಲು ಹೊರಟ ನೀತಿಯ ಇನ್ನೊಂದು ತುದಿಯಲ್ಲಿ ತಾನಾಗಿಯೇ ಆದದ್ದು. ನ್ಯಾಯದ ದೃಷ್ಟಿಯಿಂದ ಇದು ನನಗೆ ಸರಿಕಾಣುವುದಿಲ್ಲ. ಆರೋಗ್ಯದ ದೃಷ್ಟಿಯಿಂದ ತಪ್ಪು ಹುಡುಕುವುದೂ ಕಷ್ಟ.

ಕೊಳ್ಳುವ ಬಲ ಇಲ್ಲೂ ಇದೆ, ಆದರೆ ರೀತಿ ಬೇರೆ. 1995ರಲ್ಲಿ ಸ್ವೀಡನ್ ಐರೋಪ್ಯ ಒಕ್ಕೂಟ ಸೇರಿದಾಗ ಆಮದಿನ ಏಕಸ್ವಾಮ್ಯ ಹೋಯಿತು. ಚಿಲ್ಲರೆ ಮಾರಾಟದ್ದು ಉಳಿಯಿತು. 1997ರಲ್ಲಿ ಫ್ರಾನ್ಸೆನ್ ಎಂಬ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯವೂ ಚಿಲ್ಲರೆ ಏಕಸ್ವಾಮ್ಯವನ್ನು ಎತ್ತಿಹಿಡಿಯಿತು. ಪರಿಣಾಮ: ಮಾರಲು ಬರುವ ಆಮದುದಾರರು ನೂರಾರು, ಅಂಗಡಿಗೆಂದು ಕೊಳ್ಳುವವನು ಒಬ್ಬ. ಇಂಥ ಪ್ರದೇಶದ, ಇಂಥ ಬೆಲೆಯ ವೈನ್ ಇಷ್ಟು ಬೇಕು ಎಂದು ಸಿಸ್ಟೆಮ್‌ಬೊಲಾಗೆಟ್ ಟೆಂಡರ್ ಕರೆಯುತ್ತದೆ. ಬಂದ ಮಾದರಿಗಳನ್ನು ಲೇಬಲ್ ಮುಚ್ಚಿ ರುಚಿ ನೋಡುತ್ತಾರೆ. ಬೆಲೆಯ ಮಿತಿ ಮೊದಲೇ ಗೊತ್ತಿರುವುದರಿಂದ ಆಮದುದಾರರು ಪೈಪೋಟಿ ಮಾಡುವುದು ಗುಣಮಟ್ಟದಲ್ಲಿ.

ನಾರ್ವೆಯ ಸರ್ಕಾರಿ ಮದ್ಯದಂಗಡಿ ವಿನ್‌ಮೊನೊಪೊಲೆಟ್ 1922ರದ್ದು. ಸೂತ್ರ ಇದೇ ಜಾತಿಯದು, ಆದರೆ ಒಂದು ಹೆಜ್ಜೆ ಮುಂದೆ: ಒಂದು ಬಾಟಲಿಯ ಮೇಲೆ ಅಂಗಡಿ ಇಡುವ ಮಾರ್ಕಪ್‌ಗೆ ಕ್ರೋನ ಲೆಕ್ಕದಲ್ಲಿ ಗರಿಷ್ಠ ಮಿತಿಯೂ ಉಂಟು. ಬೆಲೆ ಏರಿದಂತೆ ಶೇಕಡಾವಾರು ಮಾರ್ಕಪ್ ಕರಗುತ್ತಾ ಹೋಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಜಗತ್ತೆಲ್ಲ ಬೇಡುವ ಬರ್ಗಂಡಿಯನ್ನು ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಇಟ್ಟರೆ ಏನಾಗುತ್ತದೆ? ನ್ಯಾಯಬೆಲೆ ಅಂಗಡಿ ಮುಂದೆ ಸೀಮೆಎಣ್ಣೆಗೆ ಆಗುತ್ತಿದ್ದದ್ದೇ ಆಗುತ್ತದೆ: ಕ್ಯೂ. ಅಪರೂಪದ ವೈನ್ ಬಿಡುಗಡೆಯ ದಿನ ನಾರ್ವೆಯಲ್ಲಿ ಜನ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಲ್ಲುತ್ತಾರೆ. ತಲೆಗೆ ಇಷ್ಟೇ ಬಾಟಲಿ ಎಂಬ ಮಿತಿ ಇರುತ್ತದೆ. ಬೆಲೆ ಹಂಚದಿದ್ದದ್ದನ್ನು ಸಮಯ ಹಂಚುತ್ತದೆ. ಖಾಸಗಿ ಅಂಗಡಿಯವನಿಗೆ ಹೋಗಬೇಕಿದ್ದ ಕೊರತೆಯ ಲಾಭ ಇಲ್ಲಿ ಬೆಳಗ್ಗೆ ಬೇಗ ಎದ್ದವನಿಗೆ.

ಎಲ್ಲ ಸರ್ಕಾರಿ ಅಂಗಡಿಗೂ ಇದು ಹೊಂದುವುದಿಲ್ಲ

ಕೆನಡಾದ ಆಂಟೇರಿಯೊ ಪ್ರಾಂತ್ಯದ ಸರ್ಕಾರಿ ಮದ್ಯ ಮಂಡಳಿ ಎಲ್‌ಸಿಬಿಒ 1927ರಿಂದ ಇದೆ, ಕೊಳ್ಳುವ ಬಲದಲ್ಲಿ ಜಗತ್ತಿನ ದೈತ್ಯರಲ್ಲಿ ಒಂದು. ಆದರೆ ಆಮದು ವೈನ್ ಮೇಲೆ ಅದು ಹಾಕುತ್ತಾ ಬಂದ ಮಾರ್ಕಪ್ ಶೇ 70ಕ್ಕೂ ಹೆಚ್ಚು, ಅದೂ ಬೆಲೆಯ ಮೇಲೆ. ಬಾಟಲಿ ದುಬಾರಿಯಾದಷ್ಟೂ ಹೊರೆಯೂ ಅಷ್ಟೇ ಬೆಳೆಯುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಇದಕ್ಕೆ ಪೂರ್ತಿ ಉಲ್ಟಾ: ಮಾರಾಟ ತೆರಿಗೆಯೇ ಇಲ್ಲ, ಹೆದ್ದಾರಿ ಪಕ್ಕದಲ್ಲೇ ದೊಡ್ಡ ಸರ್ಕಾರಿ ಮದ್ಯದಂಗಡಿಗಳು, ಕಣ್ಣು ನೆರೆಯ ಮ್ಯಾಸಚೂಸೆಟ್ಸ್‌ನ ಗಿರಾಕಿಯ ಮೇಲೆ.

ನಮ್ಮ ಎಂಎಸ್‌ಐಎಲ್ ಮಳಿಗೆಗಳ ಕತೆ ಏನು ಅಂತ ಕೇಳಬಹುದು. ಅಲ್ಲಿನ ಆಕರ್ಷಣೆ ಎಂಆರ್‌ಪಿ ಬೆಲೆಗೇ ಸಿಗುವುದು, ರಿಯಾಯಿತಿಯಲ್ಲ. 2003ರಲ್ಲಿ ಶುರುವಾದ ರಾಜ್ಯ ಪಾನೀಯ ನಿಗಮ ಕೆಎಸ್‌ಬಿಸಿಎಲ್ ಕೈಯಲ್ಲಿ ಸಗಟು ವ್ಯಾಪಾರ ಪೂರ್ತಿ ಇದೆ. ಆದರೆ ಚಿಲ್ಲರೆ ವ್ಯಾಪಾರ ಹೆಚ್ಚಾಗಿ ಖಾಸಗಿ ಸಿಎಲ್-2 (ಚಿಲ್ಲರೆ ಲೈಸೆನ್ಸ್) ಅಂಗಡಿಗಳದ್ದು. ವಿಸ್ಕಿ, ಬ್ರಾಂದಿಗಳ ಮೇಲಿನ ಸುಂಕವನ್ನು ಇಲ್ಲಿ ಬಹುಕಾಲ ತಯಾರಕರು ಘೋಷಿಸಿದ ಬೆಲೆಯ ಸ್ಲ್ಯಾಬ್‌ಗೆ ಕಟ್ಟಲಾಗಿತ್ತು. ಬೆಲೆ ಏರಿದರೆ ಸುಂಕವೂ ಏರಬೇಕಿತ್ತು. ಸ್ವೀಡನ್ ಸೂತ್ರಕ್ಕೆ ಇದು ತದ್ವಿರುದ್ಧ, ಅಲ್ವಾ?

ಕೊನೆಗೆ ಒಂದು ಲೆಕ್ಕ, ನೀವೇ ಮಾಡಿ ನೋಡಿ. ವ್ಯಾಟ್ ಬಿಡಿ. ಮೇಲಿನ ಸ್ವೀಡನ್ ಮಾದರಿಯಲ್ಲಿ ಬೆಲೆ = (ಕೊಂಡ ಬೆಲೆ + 20) × 1.15 + 5. ಆಂಟೇರಿಯೊ ಮಾದರಿಯಲ್ಲಿ, ಸುಮ್ನೆ ಲೆಕ್ಕಕ್ಕೆ, ಬೆಲೆ = ಕೊಂಡ ಬೆಲೆ × 1.7. ಎಷ್ಟು ಬೆಲೆಯ ವೈನ್‌ನಿಂದಾಚೆಗೆ ಸ್ವೀಡನ್ ಮಾದರಿ ಅಗ್ಗ? ಕೊಂಡ ಬೆಲೆ 51 ಕ್ರೋನದ ಹತ್ತಿರ ಬರಬೇಕು. ಬರದಿದ್ದರೆ, 20ಕ್ಕೂ 1.15ರ ಗುಣಕ ಹಾಕಿದ್ದೀರಾ ನೋಡಿ.