ಮಿಷಿಗನ್‌ನ 13 ಕ್ಷೇತ್ರಗಳು: ನವೆಂಬರ್‌ಗಿಂತ ಮೊದಲು ಆಗಸ್ಟ್ ಓದಿ

ಅಮೆರಿಕದ ಚುನಾವಣೆ ಎಂದರೆ ನಮ್ಮಲ್ಲಿ ಹೆಚ್ಚಿನವರು ಅಧ್ಯಕ್ಷರ ಚುನಾವಣೆಯನ್ನಷ್ಟೇ ಓದುತ್ತಾರೆ. ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಚುನಾವಣೆಗೆ ಪಠ್ಯದಲ್ಲಿ ಅರ್ಧ ಪುಟ ಸಿಕ್ಕಿದರೆ ಪುಣ್ಯ. ನಾನೂ ಮೊದಲು ನವೆಂಬರ್ ಫಲಿತಾಂಶದ ಕೋಷ್ಟಕವನ್ನು ಬಾಯಿಪಾಠ ಮಾಡಿದೆ, ತಲೆಗೆ ಏನೂ ಹತ್ತಲಿಲ್ಲ. ಆಮೇಲೆ ಒಂದೇ ರಾಜ್ಯವನ್ನು ಹಿಡಿದು ಎಳೆ ಎಳೆಯಾಗಿ ಬಿಡಿಸುತ್ತ ಕುಳಿತಾಗ ವಿಷಯ ತಿಳಿಯತೊಡಗಿತು. ಆ ರಾಜ್ಯ ಮಿಷಿಗನ್.

ಮಿಷಿಗನ್ನೇ ಏಕೆ? 2020ರ ಜನಗಣತಿಯ ನಂತರ ಅದು ಒಂದು ಸ್ಥಾನ ಕಳೆದುಕೊಂಡಿತು. ಕ್ಷೇತ್ರಗಳ ಗಡಿಗೆರೆ ಎಳೆಯುವ ಕೆಲಸ ಅದೇ ಸುತ್ತಿನಲ್ಲಿ ರಾಜಕಾರಣಿಗಳ ಕೈತಪ್ಪಿ ಜನಸಾಮಾನ್ಯರ ಕೈಗೆ ಹೋಯಿತು. 2022ರಲ್ಲಿ ಡೆಮಾಕ್ರಟರು 7, ರಿಪಬ್ಲಿಕನ್ನರು 6 ಗೆದ್ದರೆ, 2024ರಲ್ಲಿ ಲೆಕ್ಕ ತಿರುಗಿತು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಪಾಠ ಇನ್ನೆಲ್ಲಿ ಸಿಗುತ್ತದೆ?

ಅಂಗೈಯೇ ನಕ್ಷೆ

ಓದುವ ಮೊದಲು ಬಲ ಅಂಗೈಯನ್ನು ನಿಮ್ಮ ಮುಖದ ಕಡೆ ತಿರುಗಿಸಿ, ನಾಲ್ಕು ಬೆರಳುಗಳನ್ನು ಒತ್ತಾಗಿ ಸೇರಿಸಿ ಹಿಡಿಯಿರಿ. ಹೆಬ್ಬೆರಳು ಬಲಕ್ಕೆ ಬಂತಲ್ಲ, ಅದೇ ಮಿಷಿಗನ್‌ನ ಕೆಳ ಪರ್ಯಾಯ ದ್ವೀಪ. ಅಲ್ಲಿಯವರೂ ತಮ್ಮ ಊರನ್ನು ಹೀಗೆ ಕೈ ತೋರಿಸಿಯೇ ಹೇಳುತ್ತಾರೆ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ ಡೆಟ್ರಾಯಿಟ್ ಇದೆ. ಅದರ ಎದುರು ಬದಿಗೆ, ಕಿರುಬೆರಳಿನ ಕೆಳಗಿನ ಮಾಂಸಲ ಭಾಗದಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್. ಅಂಗೈಯ ತಳಭಾಗದ ನಡುವೆ ರಾಜಧಾನಿ ಲ್ಯಾನ್ಸಿಂಗ್. ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಯಲ್ಲಿ ಸ್ಯಾಗಿನಾ ಕೊಲ್ಲಿ, ಅದರ ಬುಡದ ಕಡೆ ಫ್ಲಿಂಟ್. ಬೆರಳ ತುದಿಯಾಚೆ ಮ್ಯಾಕಿನಾ ಸೇತುವೆ ದಾಟಿದರೆ ಮೇಲಿನ ಪರ್ಯಾಯ ದ್ವೀಪ.

ಆ ಮೇಲಿನ ಭಾಗವೂ ಬೆರಳ ತುದಿಗಳೂ ಸೇರಿದರೆ 1ನೇ ಕ್ಷೇತ್ರ. ಕಾಡು, ಸರೋವರ, ಮೈಲಿಗಟ್ಟಲೆ ರಸ್ತೆ ತುಂಬಿದ ಈ ಕ್ಷೇತ್ರ ರಿಪಬ್ಲಿಕನ್ನರ ಭದ್ರಕೋಟೆ. ಹೆಬ್ಬೆರಳು 9ನೇ ಕ್ಷೇತ್ರ, ಅದೂ ಅವರದೇ. ಒಳನಾಡಿನ 2, ದಕ್ಷಿಣದ ಗಡಿಗುಂಟ ಹಬ್ಬಿರುವ 5, ಕಲಮಜೂ ಸುತ್ತಲಿನ 4 ಕೂಡ ಅವರ ಕೈಯಲ್ಲಿವೆ. ಆ್ಯನ್ ಆರ್ಬರ್ ಇರುವ 6, ಓಕ್‌ಲ್ಯಾಂಡ್ ಕೌಂಟಿಯ 11, ಡೆಟ್ರಾಯಿಟ್ ಹಂಚಿಹೋಗಿರುವ 12 ಮತ್ತು 13 ಡೆಮಾಕ್ರಟರವು. ಇವನ್ನು ಇಷ್ಟಕ್ಕೇ ಬಿಡೋಣ. ನವೆಂಬರ್‌ನಲ್ಲಿ ನಿಜವಾದ ಜಿದ್ದಾಜಿದ್ದಿ ನಡೆಯುವುದು 3, 7, 8 ಮತ್ತು 10ರಲ್ಲಿ. ಉಳಿದ ಒಂಬತ್ತರಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಎಂಬುದು ಮೊದಲೇ ಗೊತ್ತು. ಆ ಪಕ್ಷದಿಂದ ಯಾರು ಎಂಬುದಷ್ಟೇ ಪ್ರಶ್ನೆ, ಅದು ಇತ್ಯರ್ಥವಾಗುವುದು ಆಗಸ್ಟ್‌ನಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ.

ಹತ್ತೊಂಬತ್ತರಿಂದ ಹದಿಮೂರಕ್ಕೆ

ಪ್ರತಿನಿಧಿ ಸಭೆಯ ಒಟ್ಟು ಸ್ಥಾನ 435 ಎಂದು ನಿಗದಿಯಾಗಿರುವುದರಿಂದ ಒಂದು ರಾಜ್ಯಕ್ಕೆ ಹೆಚ್ಚಾದದ್ದು ಇನ್ನೊಂದರಿಂದ ಕಿತ್ತುಕೊಂಡದ್ದೇ ಆಗಿರುತ್ತದೆ. ಕಾರು ಕಾರ್ಖಾನೆಗಳ ವೈಭವದ ಕಾಲದಲ್ಲಿ, 1960 ಮತ್ತು 1970ರ ಜನಗಣತಿಯ ನಂತರ ಮಿಷಿಗನ್‌ಗೆ 19 ಸ್ಥಾನಗಳಿದ್ದವು. ಮುಂದಿನ ಒಂದೊಂದು ಜನಗಣತಿಯಲ್ಲೂ ಅದು ಕರಗುತ್ತ ಬಂತು: 18, 16, 15, 14, ಈಗ 13. ಜನಸಂಖ್ಯೆ ಕುಸಿದದ್ದೇ ಕಾರಣ ಎಂದು ಬರೆದರೆ ತಪ್ಪಾಗುತ್ತದೆ. 2010ರಿಂದ 2020ರ ನಡುವೆ ಮಿಷಿಗನ್ ಬೆಳೆದಿತ್ತು, ಜನಸಂಖ್ಯೆ ಒಂದು ಕೋಟಿ ದಾಟಿತ್ತು. ಟೆಕ್ಸಾಸ್‌ನಂಥ ರಾಜ್ಯಗಳು ಅದಕ್ಕಿಂತ ವೇಗವಾಗಿ ಬೆಳೆದವು, ಅಷ್ಟೇ. ಈಗ ಒಂದು ಕ್ಷೇತ್ರಕ್ಕೆ ಸುಮಾರು 7 ಲಕ್ಷ 75 ಸಾವಿರ ಜನ.

ಗೆರೆ ಎಳೆಯುವವರು ಯಾರು?

2011ರಲ್ಲಿ ನಕ್ಷೆ ಬರೆದದ್ದು ರಿಪಬ್ಲಿಕನ್ನರ ಹಿಡಿತದಲ್ಲಿದ್ದ ರಾಜ್ಯ ಶಾಸನಸಭೆ. ಅದರ ಫಲ 2012ರಲ್ಲಿ ಕಾಣಿಸಿತು. ಇಡೀ ರಾಜ್ಯದ ಮತ ಕೂಡಿಸಿದರೆ ಡೆಮಾಕ್ರಟರಿಗೆ 2 ಲಕ್ಷಕ್ಕೂ ಹೆಚ್ಚು ಮತಗಳು ಅಧಿಕ ಬಿದ್ದಿದ್ದವು, ಆದರೆ 14 ಸ್ಥಾನಗಳಲ್ಲಿ ಅವರಿಗೆ ದಕ್ಕಿದ್ದು 5 ಮಾತ್ರ. ಇದು ಹೇಗೆ ಸಾಧ್ಯ ಎಂಬುದಕ್ಕೆ ಆಗಿನ 13 ಮತ್ತು 14ನೇ ಕ್ಷೇತ್ರಗಳನ್ನು ನೋಡಬೇಕು. ಎರಡರಲ್ಲೂ ಡೆಮಾಕ್ರಟಿಕ್ ಅಭ್ಯರ್ಥಿಗಳು ಶೇಕಡಾ 80ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಗೆಲ್ಲಲು 50ರ ಆಸುಪಾಸು ಸಾಕಾಗಿದ್ದಾಗ ಮೇಲಿನ ಮೂವತ್ತು ಅಲ್ಲೇ ಕೊಳೆಯಿತು. ಎದುರಾಳಿಯ ಮತದಾರರನ್ನು ಒಂದೆರಡು ಕ್ಷೇತ್ರಗಳಲ್ಲಿ ಮೂಟೆ ಕಟ್ಟಿದಂತೆ ತುಂಬಿ, ಪಕ್ಕದ ಕ್ಷೇತ್ರಗಳನ್ನು ತಮ್ಮವರಿಗೆ ಹಸನು ಮಾಡಿಕೊಳ್ಳುವ ಈ ಉಪಾಯಕ್ಕೆ ಜೆರ್ರಿಮ್ಯಾಂಡರಿಂಗ್ ಎಂದು ಹೆಸರು. ಆ 14ನೇ ಕ್ಷೇತ್ರ ಡೆಟ್ರಾಯಿಟ್‌ನ ಪೂರ್ವ ಭಾಗದಿಂದ ಹೊರಟು ಅಂಕುಡೊಂಕಾಗಿ ಪಾಂಟಿಯಾಕ್ ಊರಿನವರೆಗೆ ಹರಿದಿತ್ತು. ಅದರ ನಕ್ಷೆಯನ್ನು ಒಮ್ಮೆ ನೋಡಿದವರಿಗೆ ವ್ಯಾಖ್ಯೆ ಬೇಕಾಗುವುದಿಲ್ಲ.

ಆದರೆ ಒಂದು ಮಾತು. ಅದೇ ನಕ್ಷೆಯಡಿ 2018ರಲ್ಲಿ ಫಲಿತಾಂಶ 7–7 ಆಯಿತು. ಡೆಟ್ರಾಯಿಟ್ ಸುತ್ತಲಿನ ಉಪನಗರಗಳ ಮತದಾರರು ಮನಸ್ಸು ಬದಲಿಸಿದ್ದರಿಂದ ಡೆಮಾಕ್ರಟರಾದ ಎಲಿಸ್ಸಾ ಸ್ಲಾಟ್‌ಕಿನ್ ಮತ್ತು ಹೇಲಿ ಸ್ಟೀವನ್ಸ್ ಎರಡು ರಿಪಬ್ಲಿಕನ್ ಸ್ಥಾನಗಳನ್ನು ಕಿತ್ತುಕೊಂಡರು. ಗೆರೆಗೆ ಎಲ್ಲ ಶಕ್ತಿಯನ್ನೂ ಆರೋಪಿಸಿ ಉತ್ತರ ಬರೆಯುವವರು ಇದನ್ನು ಮರೆಯಬಾರದು.

ಅದೇ 2018ರ ನವೆಂಬರ್‌ನಲ್ಲಿ ಜನಮತಕ್ಕೆ ಬಂದ ಎರಡನೇ ಪ್ರಸ್ತಾವ ರಾಜ್ಯದ ಸಂವಿಧಾನವನ್ನೇ ತಿದ್ದಿತು. ಕೇಟಿ ಫೇಹಿ ಎಂಬ ಯುವತಿ 2016ರ ಚುನಾವಣೆ ಮುಗಿದ ಬೆನ್ನಿಗೇ ಫೇಸ್‌ಬುಕ್‌ನಲ್ಲಿ ಹಾಕಿದ ಒಂದು ಸಾಲಿನಿಂದ ಶುರುವಾದ ಚಳವಳಿ ಅದು. ಸ್ವಯಂಸೇವಕರು 4 ಲಕ್ಷಕ್ಕೂ ಹೆಚ್ಚು ಸಹಿ ಕಲೆಹಾಕಿದರು, ಮತದಾನದಲ್ಲಿ ಶೇಕಡಾ 61ರಷ್ಟು ಜನ ಒಪ್ಪಿದರು. ಹೀಗೆ ಹುಟ್ಟಿದ ಆಯೋಗದಲ್ಲಿ 13 ಮಂದಿ: 4 ಡೆಮಾಕ್ರಟರು, 4 ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ 5 ಜನ. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದಂತೆ ಆಯ್ಕೆ. ಇತ್ತೀಚೆಗೆ ಚುನಾವಣೆಗೆ ನಿಂತವರು, ಪಕ್ಷದ ಪದಾಧಿಕಾರಿಗಳು, ಲಾಬಿ ಮಾಡುವವರು, ಅವರ ಹತ್ತಿರದ ನೆಂಟರು ಯಾರೂ ಅರ್ಜಿ ಹಾಕುವಂತಿಲ್ಲ. ನಕ್ಷೆ ಅಂಗೀಕಾರವಾಗಲು ಬಹುಮತದ ಜೊತೆಗೆ ಮೂರೂ ಗುಂಪುಗಳಿಂದ ತಲಾ ಇಬ್ಬರಾದರೂ ಕೈ ಎತ್ತಬೇಕು. 2021ರ ಡಿಸೆಂಬರ್ 28ರಂದು ಅಂಗೀಕಾರವಾದ ನಕ್ಷೆಯ ಹೆಸರು ಚೆಸ್ಟ್‌ನಟ್. ಕರಡುಗಳಿಗೆ ಆಯೋಗದವರು ಮರಗಳ ಹೆಸರಿಟ್ಟಿದ್ದರು, ಪಕ್ಷದ ವಾಸನೆ ಸೋಕದ ಹೆಸರುಗಳು.

ಸಂಖ್ಯೆಯ ಬಲೆ

ನಾನು ಅತಿ ಹೆಚ್ಚು ಎಡವಿದ್ದು ಇಲ್ಲಿ. 2022ರಿಂದ ಕ್ಷೇತ್ರಗಳ ಸಂಖ್ಯೆಗಳೇ ಬದಲಾದವು. 2018ರಲ್ಲಿ ಸ್ಲಾಟ್‌ಕಿನ್ ಗೆದ್ದದ್ದು 8ನೇ ಕ್ಷೇತ್ರ, 2022ರಲ್ಲಿ 7ನೇದು. ಫ್ಲಿಂಟ್‌ನ ಡ್ಯಾನ್ ಕಿಲ್ಡಿ 5ರಿಂದ 8ಕ್ಕೆ ಬಂದರು. ರಶೀದಾ ತ್ಲೈಬ್ 13ರಿಂದ 12ಕ್ಕೆ, ಡೆಬ್ಬಿ ಡಿಂಗೆಲ್ 12ರಿಂದ 6ಕ್ಕೆ. ಬಿಲ್ ಹೈಝೆಂಗಾ 2ರಿಂದ 4ಕ್ಕೆ ಹೋದರೆ ಜಾನ್ ಮೂಲನಾರ್ 4ರಿಂದ 2ಕ್ಕೆ ಹೋದರು, ಬಸ್ಸಿನಲ್ಲಿ ಸೀಟು ಅದಲುಬದಲು ಮಾಡಿಕೊಂಡ ಹಾಗೆ. ಆದ್ದರಿಂದ 2020ರ 8ನೇ ಕ್ಷೇತ್ರದ ಮತಗಳನ್ನು 2022ರ 8ನೇ ಕ್ಷೇತ್ರದ ಮತಗಳೊಂದಿಗೆ ಹೋಲಿಸಿದರೆ ಲೆಕ್ಕ ಸರಿಯಾಗಿದ್ದರೂ ಉತ್ತರ ಸುಳ್ಳಾಗುತ್ತದೆ. ಟಿಪ್ಪಣಿಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಯಾವಾಗಲೂ ಊರಿನ ಹೆಸರು ಬರೆದುಕೊಳ್ಳಿ.

ಆಗಸ್ಟ್‌ನ ಮತಪತ್ರ

ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಅಲ್ಲಿ ಟಿಕೆಟ್ ಕೊಡುವುದು ಮತದಾರ, ಪ್ರೈಮರಿ ಎಂಬ ಪ್ರಾಥಮಿಕ ಚುನಾವಣೆಯ ಮೂಲಕ. ಮಿಷಿಗನ್‌ನಲ್ಲಿ ಅದು ನಡೆಯುವುದು ಆಗಸ್ಟ್ ತಿಂಗಳ ಆರಂಭದ ಒಂದು ಮಂಗಳವಾರ. ಮತದಾರ ತಾನು ಯಾವ ಪಕ್ಷದವನೆಂದು ನೋಂದಾಯಿಸಬೇಕಾಗಿಲ್ಲ. ಮತಪತ್ರದಲ್ಲಿ ಎರಡೂ ಪಕ್ಷಗಳ ಹೆಸರುಗಳು ಅಕ್ಕಪಕ್ಕದ ಕಂಬಸಾಲುಗಳಲ್ಲಿರುತ್ತವೆ. ಒಂದು ಸಾಲನ್ನು ಆರಿಸಿಕೊಂಡರೆ ಕೊನೆಯವರೆಗೆ ಅದರಲ್ಲೇ ಇಳಿಯಬೇಕು. ಮೇಲೆ ಒಂದು ಪಕ್ಷ, ಕೆಳಗೆ ಇನ್ನೊಂದು ಪಕ್ಷ ಎಂದು ಗುರುತು ಹಾಕಿದರೆ ಪಕ್ಷಗಳಿಗೆ ಕೊಟ್ಟ ಮತವೆಲ್ಲ ಅಸಿಂಧು. ಮತಗಟ್ಟೆಯಲ್ಲಿ ಎಣಿಕೆ ಯಂತ್ರ ಅಂಥ ಹಾಳೆಯನ್ನು ಹೊರಕ್ಕೆ ತಳ್ಳಿ ಎಚ್ಚರಿಸುತ್ತದೆ, ಹೊಸ ಮತಪತ್ರ ಕೇಳಿ ಪಡೆಯಬಹುದು. ಅಂಚೆಯಲ್ಲಿ ಕಳಿಸಿದವರಿಗೆ ಆ ಅನುಕೂಲ ಇಲ್ಲ. ಎರಡನೇ ಸುತ್ತೂ ಇಲ್ಲ. ಯಾರಿಗೆ ಒಂದು ಮತ ಹೆಚ್ಚೋ ಅವರೇ ಅಭ್ಯರ್ಥಿ.

ಈ ಕೊನೆಯ ನಿಯಮದ ಪರಿಣಾಮ ನೋಡಲು 2022ರ 13ನೇ ಕ್ಷೇತ್ರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಡೆಟ್ರಾಯಿಟ್‌ನ ದೊಡ್ಡ ಭಾಗ ಇಲ್ಲಿದೆ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಹೆಸರುಗಳು, ಹೆಚ್ಚಿನವರು ಕಪ್ಪು ವರ್ಣೀಯರು. ಮತಗಳು ಚೂರುಚೂರಾದವು. ಶೇಕಡಾ 28ರಷ್ಟು, ಅಂದರೆ ಸುಮಾರು 22 ಸಾವಿರ ಮತ ಪಡೆದು ಗೆದ್ದವರು ಶ್ರೀ ಥಾನೇದಾರ್. ಇಲ್ಲಿ ‘ಶ್ರೀ’ ಗೌರವಸೂಚಕವಲ್ಲ, ಹೆಸರೇ ಅದು. 1955ರಲ್ಲಿ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ, ಮನೆಮಾತು ಮರಾಠಿ. ಅವರು ಹುಟ್ಟಿದಾಗ ಚಿಕ್ಕೋಡಿ ಮುಂಬಯಿ ರಾಜ್ಯದಲ್ಲಿತ್ತು, ಮರುವರ್ಷ ಮೈಸೂರು ರಾಜ್ಯಕ್ಕೆ ಬಂತು. ಗೆರೆ ಬದಲಾಗುವುದು ಅವರಿಗೆ ತೊಟ್ಟಿಲ ಪರಿಚಯ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಉದ್ಯಮ ಕಟ್ಟಿ, ಪ್ರಚಾರಕ್ಕೆ ಸ್ವಂತ ಹಣ ಸುರಿದವರು. ನವೆಂಬರ್‌ನಲ್ಲಿ ಅವರು ಶೇಕಡಾ 70ರ ಆಸುಪಾಸಿನ ಮತದಿಂದ ಸಲೀಸಾಗಿ ಗೆದ್ದರು, ಆ ಕ್ಷೇತ್ರದಲ್ಲಿ ಅದು ಸುದ್ದಿಯೇ ಅಲ್ಲ. ಸುದ್ದಿ ಬೇರೆ ಇತ್ತು: 1955ರಿಂದ ಬಿಡದೆ ನಡೆದುಬಂದಿದ್ದ ಡೆಟ್ರಾಯಿಟ್‌ನ ಕಪ್ಪು ವರ್ಣೀಯ ಪ್ರಾತಿನಿಧ್ಯ 2023ರ ಜನವರಿಯಲ್ಲಿ ಕಡಿದುಹೋಯಿತು. ಹಳೆಯ ‘ಮೂಟೆ ಕಟ್ಟುವ’ ನಕ್ಷೆಯನ್ನು ಒಡೆದು, ಡೆಟ್ರಾಯಿಟ್ ಮತದಾರರನ್ನು ಉಪನಗರಗಳ ಜೊತೆ ಬೆರೆಸಿದ ಆಯೋಗ ಪಕ್ಷಗಳ ನಡುವೆ ನ್ಯಾಯ ತಂದಿತು. ಆದರೆ ಅದೇ ಬೆರಕೆಯಿಂದ ಕಪ್ಪು ವರ್ಣೀಯ ಮತದಾರರು ಎರಡೂ ಡೆಟ್ರಾಯಿಟ್ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಕಡಿಮೆಯಾದರು. ಎರಡು ನ್ಯಾಯಗಳು ಒಂದಕ್ಕೊಂದು ಡಿಕ್ಕಿ ಹೊಡೆದ ಜಾಗ ಇದು. ಇದಕ್ಕೆ ಸುಲಭದ ಉತ್ತರ ಇದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಇನ್ನು ಟಿಕೆಟ್‌ಗೆ ನಿಲ್ಲಲು ಠೇವಣಿ ಬೇಡ, ಕನಿಷ್ಠ 1,000 ಮತದಾರರ ಸಿಂಧು ಸಹಿ ಬೇಕು. 2022ರಲ್ಲಿ ಥಾನೇದಾರ್ ಎದುರು ಎರಡನೇ ಸ್ಥಾನ ಪಡೆದ ಆ್ಯಡಮ್ ಹಾಲಿಯರ್ 2024ರಲ್ಲಿ ಮತ್ತೆ ಬಂದರು. ಸಹಿಗಳ ಪರಿಶೀಲನೆಯಲ್ಲಿ ಸಾಕಷ್ಟು ಉಳಿಯಲಿಲ್ಲ, ಹೆಸರು ಮತಪತ್ರಕ್ಕೇ ಏರಲಿಲ್ಲ.

ಗ್ರ್ಯಾಂಡ್ ರ‍್ಯಾಪಿಡ್ಸ್‌ನ 3ನೇ ಕ್ಷೇತ್ರದ ಕಥೆಯೂ ಆಗಸ್ಟ್‌ನದೇ. ಪೀಟರ್ ಮೈಯರ್ 2021ರ ಜನವರಿಯಲ್ಲಿ ಟ್ರಂಪ್ ವಿರುದ್ಧದ ಮಹಾಭಿಯೋಗಕ್ಕೆ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಒಬ್ಬರು. 2022ರ ಪ್ರೈಮರಿಯಲ್ಲಿ ಮೈಯರ್ ಅವರನ್ನು ಟ್ರಂಪ್ ಬೆಂಬಲಿತ ಜಾನ್ ಗಿಬ್ಸ್ ಸ್ವಲ್ಪದರಲ್ಲಿ ಸೋಲಿಸಿದರು. ಗಿಬ್ಸ್ ಟ್ರಂಪ್ ಆರಿಸಿದವರು, ಅತಿಯಾದ ಸಂಪ್ರದಾಯವಾದಿ ಎಂದು ‘ಟೀಕಿಸುವ’ ಟಿವಿ ಜಾಹೀರಾತಿಗೆ 4 ಲಕ್ಷಕ್ಕೂ ಹೆಚ್ಚು ಡಾಲರ್ ಖರ್ಚು ಮಾಡಿದ್ದು ಯಾರು ಗೊತ್ತೇ? ಡೆಮಾಕ್ರಟರ ಚುನಾವಣಾ ಸಮಿತಿ. ರಿಪಬ್ಲಿಕನ್ ಮತದಾರರ ಕಿವಿಗೆ ಆ ಟೀಕೆ ಹೊಗಳಿಕೆಯಾಗಿ ಕೇಳಲಿ ಎಂಬುದೇ ಲೆಕ್ಕಾಚಾರ. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕಾಲ್ಟನ್ ಸುಮಾರು 13 ಶೇಕಡಾ ಅಂಶಗಳ ಅಂತರದಿಂದ ಗೆದ್ದರು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಪ್ರತಿನಿಧಿಸಿದ್ದ ಆ ನಗರಕ್ಕೆ 1970ರ ದಶಕದ ನಂತರ ಸಿಕ್ಕ ಮೊದಲ ಡೆಮಾಕ್ರಟ್ ಪ್ರತಿನಿಧಿ. ಲೆಕ್ಕಾಚಾರ ಫಲಿಸಿತು, ನಿಜ. ಆದರೂ ಬೆಂಕಿಯೊಂದಿಗೆ ಆಡಿದ ಆಟ ಎಂದೇ ನನ್ನ ಅನಿಸಿಕೆ.

ಕೂದಲೆಳೆಯ ನವೆಂಬರ್

ಸ್ಥಾನ ಕಡಿಮೆಯಾದಾಗ ಯಾರೋ ಇಬ್ಬರು ಒಂದೇ ಕುರ್ಚಿಗೆ ಬೀಳಲೇಬೇಕು. 2022ರಲ್ಲಿ ಹಾಲಿ ಸದಸ್ಯರಾದ ಸ್ಟೀವನ್ಸ್ ಮತ್ತು ಆ್ಯಂಡಿ ಲೆವಿನ್ ಇಬ್ಬರೂ 11ನ್ನೇ ಆರಿಸಿಕೊಂಡರು. ಲೆವಿನ್ ಅವರ ಹಳೆಯ ಮತದಾರರಲ್ಲಿ ಬಹಳಷ್ಟು ಮಂದಿ ಪಕ್ಕದ 10ರಲ್ಲಿದ್ದರು, ಆದರೆ ಮಕೋಂಬ್ ಕೌಂಟಿಯ ಆ ಕ್ಷೇತ್ರ ರಿಪಬ್ಲಿಕನ್ನರ ಕಡೆ ವಾಲಿದ್ದ ಕಷ್ಟದ ನೆಲ. ಲೆವಿನ್ ಪ್ರೈಮರಿಯಲ್ಲಿ ಸುಮಾರು 60–40ರಿಂದ ಸೋತರು. 10ರಲ್ಲಿ ಡೆಮಾಕ್ರಟರು ಕಣಕ್ಕಿಳಿಸಿದ ಮಾಜಿ ನ್ಯಾಯಾಧೀಶ ಕಾರ್ಲ್ ಮಾರ್ಲಿಂಗಾ ರಿಪಬ್ಲಿಕನ್ ಜಾನ್ ಜೇಮ್ಸ್ ಎದುರು ಸೋತದ್ದು ಬರೀ 1,600 ಮತಗಳಿಂದ. ಮೂರನೇ ಪಕ್ಷವೊಂದಕ್ಕೆ ಅಲ್ಲಿ 5 ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. ಲೆವಿನ್ ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಚರ್ಚೆಗೆ ಒಳ್ಳೆಯ ವಿಷಯ.

2024ರಲ್ಲಿ ಜೇಮ್ಸ್ ಅದೇ ಮಾರ್ಲಿಂಗಾ ಎದುರು ನಿರಾಳವಾಗಿ ಗೆದ್ದರು. ಫ್ಲಿಂಟ್–ಸ್ಯಾಗಿನಾದ 8ರಲ್ಲಿ ಕಿಲ್ಡಿ ನಿವೃತ್ತರಾದರೂ ಕ್ರಿಸ್ಟಿನ್ ಮೆಕ್‌ಡೊನಾಲ್ಡ್ ರಿವೆ ಸ್ಥಾನವನ್ನು ಡೆಮಾಕ್ರಟರಿಗೆ ಉಳಿಸಿಕೊಟ್ಟರು. ಇಡೀ ರಾಜ್ಯದ ಲೆಕ್ಕ ತಿರುಗಿಸಿದ್ದು ಲ್ಯಾನ್ಸಿಂಗ್‌ನ 7 ಒಂದೇ. 2022ರಲ್ಲಿ ಸ್ಲಾಟ್‌ಕಿನ್ ಅಲ್ಲಿ ರಿಪಬ್ಲಿಕನ್ ಟಾಮ್ ಬ್ಯಾರೆಟ್ ಅವರನ್ನು ಸುಮಾರು 5 ಶೇಕಡಾ ಅಂಶಗಳಿಂದ ಸೋಲಿಸಿದ್ದರು. ಎರಡು ವರ್ಷದ ನಂತರ ಸ್ಲಾಟ್‌ಕಿನ್ ಸೆನೆಟ್‌ಗೆ ಸ್ಪರ್ಧಿಸಿ ಕ್ಷೇತ್ರ ತೆರವು ಮಾಡಿದರು. ನವೆಂಬರ್ 5ರಂದು ಲ್ಯಾನ್ಸಿಂಗ್‌ನ ಮತದಾರರ ಕೈಯಲ್ಲಿದ್ದ ಒಂದೇ ಹಾಳೆಯಲ್ಲಿ ಇಬ್ಬರ ಹೆಸರೂ ಇತ್ತು. ಸ್ಲಾಟ್‌ಕಿನ್ ರಾಜ್ಯದಾದ್ಯಂತ ಸುಮಾರು 19 ಸಾವಿರ ಮತಗಳ ಅಂತರದಿಂದ ಸೆನೆಟ್ ಸೇರಿದರು. ಅವರು ಬಿಟ್ಟುಹೋದ ಕುರ್ಚಿಗೆ ಬಂದು ಕುಳಿತವರು ಬ್ಯಾರೆಟ್.