ಗ್ರ್ಯಾಂಡ್ ನ್ಯಾಷನಲ್: ಬೇಲಿಗಳು ಬದಲಾದಂತೆ ದಾಖಲೆಗಳೂ

1928ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಏಂಟ್ರಿ ಮೈದಾನದಲ್ಲಿ, ಬೇಲಿಗಳನ್ನು ಜಿಗಿದು ಓಡುವ ಗ್ರ್ಯಾಂಡ್ ನ್ಯಾಷನಲ್ ಕುದುರೆ ರೇಸಿಗೆ 42 ಕುದುರೆಗಳು ಓಟ ಆರಂಭಿಸಿದವು. ಕೊನೆ ಮುಟ್ಟಿದ್ದು ಎರಡೇ. ಕಾಲುವೆ ತಿರುವಿನ ಬೇಲಿಯ ಮೇಲೆ ಒಂದು ಕುದುರೆ ಸಿಕ್ಕಿಕೊಂಡಿತು, ಹಿಂದೆ ಬಂದವು ಒಂದರ ಮೇಲೊಂದು ಬಿದ್ದವು. ಕೊನೆಯ ಬೇಲಿಯಲ್ಲಿ ಬಿಲ್ಲಿ ಬಾರ್ಟನ್ ಎಂಬ ಕುದುರೆ ಕೂಡ ಮುಗ್ಗರಿಸಿದಾಗ, ಬಾಜಿಯಲ್ಲಿ ನೂರಕ್ಕೊಂದು ದರದಲ್ಲಿದ್ದ, ಎಂದರೆ ಗೆಲ್ಲುವ ನಿರೀಕ್ಷೆಯೇ ಇಲ್ಲದಿದ್ದ ಟಿಪ್ಪರರಿ ಟಿಮ್ ಗೆದ್ದಿತು. ಬಿಲ್ಲಿ ಬಾರ್ಟನ್‌ನ ಜಾಕಿ ಮತ್ತೆ ಹತ್ತಿ ಎರಡನೆಯವನಾಗಿ ಬಂದ. 2024ರಲ್ಲಿ ಅದೇ ಮೈದಾನದಲ್ಲಿ 32 ಕುದುರೆಗಳು ಓಡಿದವು, ಒಂದೂ ಬೀಳಲಿಲ್ಲ, 21 ಕುದುರೆಗಳು ಓಟ ಮುಗಿಸಿದವು. ಹಾಗಾದರೆ ಇದು ಹಳೆಯ ಗ್ರ್ಯಾಂಡ್ ನ್ಯಾಷನಲ್ ಅಲ್ಲ ಎಂದು ಕೊರಗುವವರು ಬ್ರಿಟನ್ನಿನಲ್ಲಿ ಬಹಳ ಮಂದಿ ಇದ್ದಾರೆ. ಈ ಓಟದ ಚರಿತ್ರೆ ಅವರ ಕೊರಗನ್ನು ಒಪ್ಪುವುದಿಲ್ಲ.

ಬೆಂಗಳೂರು, ಮೈಸೂರಿನ ರೇಸುಗಳನ್ನು ಕಂಡವರಿಗೆ ಗೊತ್ತಿರುವುದು ಸಮತಟ್ಟಾದ ಹುಲ್ಲಿನ ಮೇಲಿನ ವೇಗದ ಓಟ. ಏಂಟ್ರಿಯದು ಬೇರೆಯೇ ಜಾತಿ: ನಾಲ್ಕೂಕಾಲು ಮೈಲಿಗೂ ಹೆಚ್ಚು ದೂರ, ಒಟ್ಟು 30 ಜಿಗಿತ. 16 ಬೇಲಿಗಳಲ್ಲಿ 14ನ್ನು ಎರಡೆರಡು ಬಾರಿ ದಾಟಬೇಕು. ಎಲ್ಲಕ್ಕಿಂತ ಎತ್ತರದ 'ಚೇರ್' ಬೇಲಿ ಐದಡಿಗೂ ಮೇಲಿದೆ. ಕೊನೆಯ ಬೇಲಿ ದಾಟಿದ ಮೇಲೂ ಸುಮಾರು 450 ಮೀಟರ್ ಓಡಬೇಕು, ಎಷ್ಟೋ ಓಟಗಳು ತಿರುವು ಕಂಡಿರುವುದು ಅಲ್ಲಿಯೇ. ಇದು ಹ್ಯಾಂಡಿಕ್ಯಾಪ್ ಓಟವೂ ಹೌದು: ಬಲಶಾಲಿ ಕುದುರೆ ಹೆಚ್ಚು ತೂಕ ಹೊರಬೇಕು.

ಇದಕ್ಕೆ ಬುನಾದಿ ಹಾಕಿದವನು ಹೋಟೆಲ್ ಉದ್ಯಮಿ ವಿಲಿಯಂ ಲಿನ್. ಅವನು ಲಾರ್ಡ್ ಸೆಫ್ಟನ್‌ನಿಂದ ಜಾಗ ಗೇಣಿಗೆ ಪಡೆದು 1829ರಲ್ಲಿ ಏಂಟ್ರಿಯಲ್ಲಿ ರೇಸು ಆರಂಭಿಸಿದ. 1836ರಿಂದ ಜಿಗಿತದ ಓಟಗಳು ನಡೆದವಾದರೂ, ಲಾಟರಿ ಎಂಬ ಕುದುರೆ ಗೆದ್ದ 1839ರ ಓಟವನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಅಂದು ಉತ್ತ ಹೊಲಗಳಲ್ಲಿ ಓಡಬೇಕಿತ್ತು, ದಾರಿಯಲ್ಲೊಂದು ಕಲ್ಲಿನ ಗೋಡೆಯಿತ್ತು. ಸವಾರ ಕ್ಯಾಪ್ಟನ್ ಮಾರ್ಟಿನ್ ಬೆಚರ್ ತೊರೆಯೊಂದಕ್ಕೆ ಉರುಳಿ, ಉಳಿದ ಕುದುರೆಗಳು ದಾಟಿ ಹೋಗುವವರೆಗೆ ನೀರಿನಲ್ಲೇ ಮುದುರಿ ಕುಳಿತನಂತೆ. ಆ ತೊರೆ ಇಂದಿಗೂ 'ಬೆಚರ್ಸ್ ಬ್ರೂಕ್'. ಕಲ್ಲಿನ ಗೋಡೆಯನ್ನು ಕೆಲವೇ ವರ್ಷಗಳಲ್ಲಿ ತೆಗೆದರು. ಹ್ಯಾಂಡಿಕ್ಯಾಪ್ ಬಂದದ್ದು 1843ರಲ್ಲಿ, ಈಗಿನ ಹೆಸರು 1847ರಲ್ಲಿ. ಬದಲಾವಣೆ ಈ ಓಟದ ಜೊತೆಗೇ ಹುಟ್ಟಿದ್ದು ಎಂದು ನಾನು ಹೇಳುವುದು ಇದಕ್ಕೇ.

1929ರಲ್ಲಿ 66 ಕುದುರೆಗಳು ಓಡಿದವು. ಆ ಸಂಖ್ಯೆ ಇನ್ನೆಂದೂ ಬರದು, ಬರಲೂಬಾರದು. 1967ರಲ್ಲಿ ಸವಾರನಿಲ್ಲದ ಕುದುರೆಯೊಂದು 23ನೆಯ ಜಿಗಿತದ ಬೇಲಿಗೆ ಅಡ್ಡ ತಿರುಗಿ, ಬಂದವರೆಲ್ಲ ಗುಂಪಾಗಿ ನಿಂತುಬಿಟ್ಟರು. ಬಹಳ ಹಿಂದಿದ್ದ ಫೊಯ್ನಾವನ್ ಸಂದಿ ನೋಡಿಕೊಂಡು ದಾಟಿ, ನೂರಕ್ಕೊಂದು ದರದಲ್ಲಿ ಗೆದ್ದಿತು. ಇಂದು ಆ ಬೇಲಿಗೆ ಅದರದೇ ಹೆಸರು. ಇಂಥ ಗೆಲುವುಗಳು ಓಟಕ್ಕೆ ಬರೀ ಅದೃಷ್ಟದ 'ಲಾಟರಿ' ಎಂಬ ಅಪಖ್ಯಾತಿ ತಂದವು.

ಆ ಅಪಖ್ಯಾತಿಗೆ ನೇರ ಉತ್ತರ ರೆಡ್ ರಮ್. ಅಗ್ಗದ ಕುದುರೆ, ಎರಡು ವರ್ಷದ್ದಿದ್ದಾಗ ಇದೇ ಏಂಟ್ರಿಯ ಐದು ಫರ್ಲಾಂಗಿನ ಕಿರು ಓಟದಲ್ಲಿ ಮೊದಲ ಸ್ಥಾನ ಹಂಚಿಕೊಂಡದ್ದು. ಮುಂದೆ ಕಾಲಿನ ಮೂಳೆಗೆ ರೋಗ ಹತ್ತಿತು. ತರಬೇತುದಾರ ಜಿಂಜರ್ ಮೆಕೇನ್ ಅದನ್ನು ಸೌತ್‌ಪೋರ್ಟ್ ಕಡಲ ಕರೆಯ ಮರಳಿನಲ್ಲಿ ಓಡಿಸಿ, ಉಪ್ಪು ನೀರಿನಲ್ಲಿ ನಡೆಸಿ ಸಜ್ಜುಗೊಳಿಸಿದರು. 1973ರ ಓಟದಲ್ಲಿ 12 ಸ್ಟೋನ್, ಎಂದರೆ ಸುಮಾರು 76 ಕಿಲೋ ಹೊತ್ತಿದ್ದ ಕ್ರಿಸ್ಪ್ ಎಲ್ಲರನ್ನೂ ಬಹಳ ಹಿಂದೆ ಬಿಟ್ಟಿತ್ತು. ಹತ್ತು ಕಿಲೋ ಕಡಿಮೆ ಹೊತ್ತಿದ್ದ ರೆಡ್ ರಮ್ ಕೊನೆಯ ಕೆಲವು ಹೆಜ್ಜೆಗಳಲ್ಲಿ ಹಿಡಿದು ಹಾಕಿತು. ಅಂತರ ಮುಕ್ಕಾಲು ಕುದುರೆಯುದ್ದ. ಸಮಯ 9 ನಿಮಿಷ 1.9 ಸೆಕೆಂಡು, ಹಳೆಯ ದಾಖಲೆಗಿಂತ ಸುಮಾರು 18 ಸೆಕೆಂಡು ಕಡಿಮೆ. ಸೋತ ಕ್ರಿಸ್ಪ್‌ನ ಓಟವೇ ಶ್ರೇಷ್ಠ ಎನ್ನುವವರಿದ್ದಾರೆ, ಆ ಒಂದು ದಿನದ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಮರುವರ್ಷ ಅದೇ 12 ಸ್ಟೋನ್ ಹೊತ್ತು ರೆಡ್ ರಮ್ ಗೆದ್ದಿತು. 1975, 1976ರಲ್ಲಿ ಎರಡನೆಯ ಸ್ಥಾನ, 1977ರಲ್ಲಿ 12ನೆಯ ವಯಸ್ಸಿನಲ್ಲಿ ಮೂರನೆಯ ಗೆಲುವು. ಐದು ವರ್ಷ, 150 ಜಿಗಿತ, ಒಮ್ಮೆಯೂ ಬೀಳಲಿಲ್ಲ. ಇದು ಅದೃಷ್ಟವಲ್ಲ. ಬೇಲಿಯನ್ನು ಕಂಡು, ಅಳೆದು, ಹೆಜ್ಜೆ ಬದಲಿಸುವ ಬುದ್ಧಿ ಆ ಕುದುರೆಗಿತ್ತು. ಮೈದಾನವನ್ನೇ ಮಾರಿ ಓಟ ನಿಂತುಹೋಗುವ ಭೀತಿಯಿದ್ದ ಆ ವರ್ಷಗಳಲ್ಲಿ ಜನರ ಆಸಕ್ತಿ ಉಳಿದದ್ದು ಹೆಚ್ಚಾಗಿ ಅದರಿಂದಲೇ. 1983ರಲ್ಲಿ ಸಾರ್ವಜನಿಕ ದೇಣಿಗೆಯ ನೆರವಿನಿಂದ ಬ್ರಿಟನ್ನಿನ ಕುದುರೆ ರೇಸಿನ ಸಂಸ್ಥೆಯಾದ ಜಾಕಿ ಕ್ಲಬ್ ಮೈದಾನವನ್ನು ಕೊಂಡಿತು. ರೆಡ್ ರಮ್‌ನ ಸಮಾಧಿ ಗೆಲುವಿನ ಕಂಬದ ಬಳಿಯೇ ಇದೆ.

ಸಮಯದ ದಾಖಲೆ ಮಾತ್ರ 1990ರಲ್ಲಿ ಮಿಸ್ಟರ್ ಫ್ರಿಸ್ಕ್ ಪಾಲಾಯಿತು: 8 ನಿಮಿಷ 47.8 ಸೆಕೆಂಡು. ಜಾಕಿಗಳಲ್ಲಿ ಜಾರ್ಜ್ ಸ್ಟೀವನ್ಸ್ 1856ರಿಂದ 1870ರ ನಡುವೆ ಐದು ಬಾರಿ ಗೆದ್ದದ್ದು ಹಾಗೇ ಉಳಿದಿದೆ. ಹೆಣ್ಣೊಬ್ಬಳು ಮೊದಲು ಸವಾರಿ ಮಾಡಿದ್ದು 1977ರಲ್ಲಿ, ಗೆದ್ದದ್ದು 2021ರಲ್ಲಿ: ಮಿನೆಲ್ಲಾ ಟೈಮ್ಸ್ ಮೇಲೆ ರೇಚಲ್ ಬ್ಲ್ಯಾಕ್‌ಮೋರ್.

ಈ ಹೆಮ್ಮೆಯ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿಯಿದೆ. 1989ರಲ್ಲಿ ಬೆಚರ್ಸ್ ಬ್ರೂಕ್‌ನಲ್ಲಿ ಎರಡು ಕುದುರೆಗಳು ಸತ್ತವು. ಅನಂತರವೇ ಅಲ್ಲಿಯ ಇಳಿಜಾರನ್ನು ಸರಿಪಡಿಸಿದ್ದು. 2011ರಲ್ಲಿ ಎರಡು, 2012ರಲ್ಲಿ ಎರಡು ಸತ್ತವು. 2013ರಲ್ಲಿ ಬೇಲಿಗಳ ಒಳಗಿನ ಗಟ್ಟಿ ಮರದ ಚೌಕಟ್ಟು ಹೋಗಿ, ಬಗ್ಗುವ ಪ್ಲಾಸ್ಟಿಕ್ ಕಡ್ಡಿಗಳು ಬಂದವು. 2023ರಲ್ಲಿ ಪ್ರಾಣಿಪರ ಹೋರಾಟಗಾರರು ಮೈದಾನಕ್ಕೆ ನುಗ್ಗಿ ಓಟ ತಡವಾಯಿತು, ಅಂದೂ ಒಂದು ಕುದುರೆ ಸತ್ತಿತು. ಮರುವರ್ಷ ಕುದುರೆಗಳ ಮಿತಿ 40ರಿಂದ 34ಕ್ಕೆ ಇಳಿಯಿತು, ಆರಂಭದ ವೇಗ ತಗ್ಗಲೆಂದು ಮೊದಲ ಬೇಲಿಯನ್ನು ಹತ್ತಿರಕ್ಕೆ ತಂದರು. ಹೀಗೆ ಹೆಚ್ಚಿನ ಸುಧಾರಣೆಗಳು ಸಾವಿನ ಹಿಂದೆಯೇ ಬಂದಿವೆ, ಮುಂದಾಗಿ ಬಂದದ್ದು ಅಪರೂಪ. ನನ್ನ ಆಕ್ಷೇಪ ಇರುವುದು ಬೇಲಿಗಳು ಮೆತ್ತಗಾದವೆಂಬುದಕ್ಕಲ್ಲ, ಇಷ್ಟು ತಡವಾದದ್ದಕ್ಕೆ.

2025ರಲ್ಲಿ 13 ವರ್ಷದ ಸೆಲೆಬ್ರ್ ದಾಲೆನ್ ಕೊನೆಯ ಬೇಲಿಯ ಬಳಿಕ ಕುಸಿದು, ಕೆಲವು ದಿನಗಳಲ್ಲಿ ಸತ್ತಿತು. 1853ರಲ್ಲಿ 15ನೆಯ ವಯಸ್ಸಿನಲ್ಲಿ ಗೆದ್ದ ಪೀಟರ್ ಸಿಂಪಲ್‌ನ ದಾಖಲೆಯನ್ನು ಯಾರೂ ಮುರಿಯಬೇಕಾಗಿಲ್ಲ. ದಣಿದ ಕುದುರೆಯನ್ನು ಜಾಕಿ ಎಲ್ಲಿ ನಿಲ್ಲಿಸಬೇಕು ಎಂಬ ನಿಯಮವನ್ನು ಬಿಗಿಗೊಳಿಸುವ ಕೆಲಸ, ಇನ್ನೊಂದು ಸಾವಿಗೆ ಕಾಯದೆ ಆಗಬೇಕು.