ಸಿಸೇರಿಯನ್ ಟೇಬಲ್ ಮೇಲೆ ಬಿಪಿ ಇಳಿದಾಗ

“ಸ್ಪೈನಲ್ ಕೊಟ್ಟ ಮೇಲೆ ಬಿಪಿ ಬಿದ್ದುಹೋಯ್ತಂತೆ, ಏನಾದ್ರೂ ತೊಂದರೆ ಆಯ್ತಾ ಡಾಕ್ಟ್ರೇ?” ಸಿಸೇರಿಯನ್ ಮುಗಿದ ಮೇಲೆ ಮನೆಯವರು ಗಾಬರಿಯಿಂದ ಕೇಳುವ ಪ್ರಶ್ನೆ ಇದು. ಸ್ಪೈನಲ್ ಅಂದರೆ ಆಪರೇಷನ್ ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್. ಅದರಿಂದ ಬಿಪಿ ಇಳಿಯಬಹುದು ಅನ್ನೋದು ಅರಿವಳಿಕೆ ಡಾಕ್ಟರ್‌ಗಳಾದ ನಮಗೆ ಮೊದಲೇ ಗೊತ್ತಿರುತ್ತದೆ. ಸುಮ್ನೆ ಬಿಟ್ಟರೆ ಹೆಚ್ಚಿನವರಲ್ಲಿ ಇಳಿದೇ ಇಳಿಯುತ್ತದೆ. ಹಾಗಾಗಿ ಬೆನ್ನಿಗೆ ಸೂಜಿ ಹಾಕುವ ಮುಂಚೆಯೇ ನಮ್ಮ ತಯಾರಿ ಮುಗಿದಿರಬೇಕು.

ಬೆನ್ನಿಗೆ ಕೊಡುವ ಮರಗಟ್ಟಿಸುವ ಔಷಧ ಬುಪಿವಕೇನ್ 2 ಎಂಎಲ್ ಆಸುಪಾಸು, ಅಷ್ಟೇ. ಆದರೆ ಅದು ನೋವಿನ ನರಗಳ ಜೊತೆಗೆ, ರಕ್ತನಾಳಗಳನ್ನು ಬಿಗಿಯಾಗಿ ಇಟ್ಟಿರುವ ನರಗಳನ್ನೂ ಮರಗಟ್ಟಿಸುತ್ತದೆ. ನಾಳಗಳು ಸಡಿಲವಾಗಿ ಬಿಪಿ ಇಳಿಯುತ್ತದೆ. ಸಾಲದ್ದಕ್ಕೆ, ತುಂಬು ಗರ್ಭಿಣಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೊಟ್ಟೆಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಅದಕ್ಕೇ ಬಲ ಸೊಂಟದ ಕೆಳಗೆ ದಿಂಬಿನಂಥದ್ದನ್ನು ಇಟ್ಟು ತಾಯಿಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತೇವೆ. ಅದೇ ಹೊತ್ತಿಗೆ ಡ್ರಿಪ್ ಜೋರಾಗಿ ಬಿಡುತ್ತೇವೆ. ಆದರೆ ಡ್ರಿಪ್ ಒಂದನ್ನೇ ನಂಬಿ ಕೂರುವಂತಿಲ್ಲ.

ನಿಜವಾದ ಕೆಲಸ ಫಿನೈಲೆಫ್ರಿನ್ ಎಂಬ ಔಷಧದ್ದು. ಸಡಿಲವಾದ ನಾಳಗಳನ್ನು ಅದು ಮತ್ತೆ ಬಿಗಿ ಮಾಡುತ್ತದೆ. ಒಂದು ಆಂಪ್ಯೂಲ್‌ನಲ್ಲಿ, ಅಂದರೆ ಪುಟ್ಟ ಗಾಜಿನ ಸೀಸೆಯಲ್ಲಿ, 10 ಮಿಲಿಗ್ರಾಂ ಇರುತ್ತದೆ. ಅದನ್ನು 100 ಎಂಎಲ್ ಸಲೈನ್‌ಗೆ ಬೆರೆಸಿದರೆ ಒಂದು ಎಂಎಲ್‌ಗೆ 100 ಮೈಕ್ರೋಗ್ರಾಂ. ಒಂದು ಸಲಕ್ಕೆ ಅರ್ಧದಿಂದ ಒಂದು ಎಂಎಲ್ ಸಾಕು. ಬೆರೆಸದೆ ಕೊಟ್ಟರೆ ನೂರು ಪಟ್ಟು ಜಾಸ್ತಿ ಹೋಗುತ್ತದೆ, ಜೀವಕ್ಕೇ ಅಪಾಯ. ಲೇಬಲ್ ಇಲ್ಲದ ಸಿರಿಂಜು ನನ್ನ ಟ್ರೇಯಲ್ಲಿ ಇರಕೂಡದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಬಿಪಿ ಜೊತೆ ನಾಡಿಯೂ ನಿಧಾನವಾಗಿದ್ದರೆ ಫಿನೈಲೆಫ್ರಿನ್ ಸರಿಯಲ್ಲ. ಅದು ನಾಡಿಯನ್ನು ಇನ್ನೂ ಇಳಿಸುತ್ತದೆ. ಆಗ ಎಫೆಡ್ರಿನ್ ಅಥವಾ ಮೆಫೆಂಟರ್ಮಿನ್, ಬೇಕಾದರೆ ಅಟ್ರೋಪಿನ್ ಎಂಬ ಬೇರೆ ಔಷಧ ಕೊಡುತ್ತೇವೆ.

ಬಿಪಿ ಎಷ್ಟಕ್ಕೆ ನಿಲ್ಲಬೇಕು? 2018ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಕೊಟ್ಟ ಸಲಹೆ ಪ್ರಕಾರ, ಮೇಲಿನ ಅಂಕಿ ಮೊದಲಿದ್ದುದರ ಶೇ. 90ರಷ್ಟಾದರೂ ಇರಬೇಕು. 120 ಇದ್ದವರಿಗೆ 108. ಶೇ. 80ಕ್ಕಿಂತ ಕೆಳಗೆ ಹೋದರೆ ತಡಮಾಡುವಂತಿಲ್ಲ, ಯಾಕೆಂದರೆ ಮಗುವಿಗೆ ಹೋಗುವ ರಕ್ತ ತಾಯಿಯ ಬಿಪಿಯನ್ನೇ ನಂಬಿಕೊಂಡಿದೆ. ಹಾಗಾಗಿ ಮಗು ಹೊರಬರುವವರೆಗೆ ಪ್ರತಿ ನಿಮಿಷ ಬಿಪಿ ನೋಡುತ್ತೇವೆ.

ಆದರೂ ಎಷ್ಟೋ ಸಲ ಮಾನಿಟರ್‌ಗಿಂತ ಮೊದಲು ಗೊತ್ತಾಗುವುದು ತಾಯಿಗೆ. ತೋಳಿನ ಬಿಪಿ ಪಟ್ಟಿ ಇನ್ನೂ ಗಾಳಿ ತುಂಬಿಕೊಳ್ಳುತ್ತಿರುತ್ತದೆ, ಅಷ್ಟರಲ್ಲಿ “ಹೊಟ್ಟೆ ತೊಳಸ್ತಿದೆ ಸರ್” ಅನ್ನುತ್ತಾರೆ. ಆಕಳಿಸುತ್ತಾರೆ, ತುಟಿ ಬಿಳಿಚಿಕೊಳ್ಳುತ್ತದೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ಸಿರಿಂಜಿಗೆ ಹೋಗುತ್ತದೆ. ಸಂಕೋಚದಿಂದ ಸಹಿಸಿಕೊಂಡು ಮಲಗುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಸಣ್ಣ ತಳಮಳವಾದರೂ ಆಗಲೇ ಹೇಳಿ.

ಮನೆಯವರಿಗೂ ಒಂದು ಮಾತು. ಮೊದಲೇ ದಿನ ನಿಗದಿಯಾದ ಆಪರೇಷನ್ ಅಂತ ರಾತ್ರಿಯಿಂದಲೇ ನೀರೂ ಕೊಡದೆ ಇಡುವುದುಂಟು. ಊಟ ಬೇಡ, ಸರಿ. ಬರೀ ನೀರನ್ನು ಸಾಮಾನ್ಯವಾಗಿ ಆಪರೇಷನ್‌ಗೆ 2 ಗಂಟೆ ಮುಂಚಿನವರೆಗೂ ಕುಡಿಯಬಹುದು, ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ವಾರ್ಡಿಗೆ ಬಂದ ಮೇಲೂ ಮೊದಲ ಸಲ ಎದ್ದು ನಿಲ್ಲುವಾಗ ತಲೆ ಸುತ್ತಬಹುದು. ನರ್ಸ್ ಪಕ್ಕದಲ್ಲಿ ಇಲ್ಲದೆ ಮಂಚದಿಂದ ಇಳಿಸಬೇಡಿ.